ತೊಟ್ಟಿಲ ಸುತ್ತಣ ಮೆತ್ತೆ

ನಮ್ಮ ಮೊಮ್ಮಗುವಿನ ಕಟಕಟೆಯ ತೊಟ್ಟಿಲಿಗೆ ಸುತ್ತಲೂ ಕಟ್ಟುವ ಬಂಪರೆಂಬ ಮೆತ್ತೆಯು ಉಡುಗೊರೆಯಾಗಿ ಬಂದಿತು. ನೋಟಕ್ಕೆ ರಮಣೀಯವೇ ಸರಿ. ಕಟ್ಟಬಹುದೆ ಎಂದು ಸೊಸೆ ಕೇಳಲು, ಕೂಡದೆಂದೆವು. ಹಿಂದೆ ಅಮೆರಿಕದಲ್ಲಿ ಕಂಬಿಗಳ ಅಂತರ ಹೆಚ್ಚಾಗಿದ್ದು, ಶಿಶುವಿನ ಮೈ ನುಸುಳಿ ತಲೆ ಸಿಕ್ಕುವ ಭಯವಿದ್ದಿತು. 1973ರ ನಿಯಮವು ಆ ಅಂತರವನ್ನು ಸುಮಾರು 6 ಸೆಂಟಿಮೀಟರಿಗೆ ಮಿತಿಗೊಳಿಸಿತು. ಕಾರಣ ತೀರಿತು, ಮೆತ್ತೆ ಮಾತ್ರ ಉಳಿಯಿತು! ಕತ್ತು ಹೊರಳಿಸಲರಿಯದ ಹಸುಳೆಯ ಮೂಗು ಅದಕ್ಕೆ ಒತ್ತಿದರೆ ಉಸಿರು ಕಟ್ಟುವುದು. ದಾರವು ಕೊರಳಿಗೂ ಸುತ್ತಿಕೊಂಡೀತು. 2022ರಲ್ಲಿ ಆ ದೇಶವು ಇದರ ಮಾರಾಟವನ್ನೇ ನಿಷೇಧಿಸಿತು.

“ತಲೆ ತಾಗಿದರೆ, ಮಾವನವರೆ?”

“ತಾಗಿದರೆ ಅತ್ತೀತು, ನಾವು ಎತ್ತಿಕೊಂಡೇವು. ಉಸಿರು ಕಟ್ಟಿದ ಕೂಸು ಕೂಗಲಾರದಮ್ಮ.”

ಅವಳು ಮಾರುತ್ತರ ಕೊಡಲಿಲ್ಲ. ಮಗುವನ್ನು ಬರಿಯ ಹಾಸಿನ ಮೇಲೆ ಅಂಗಾತ ಮಲಗಿಸಿದಳು. ಮೆತ್ತೆಯು ಈಗ ನಮ್ಮ ಒರಗುದಿಂಬು.