ಬೇಕಾದಾಗ ಬೀಸುವ ಗಾಳಿ

ಬೇಸಿಗೆಯಲ್ಲಿ ಬೀದರಿನಿಂದ ಔರಾದಕ್ಕೆ ಹೊರಡುವ ಹಳೆಯ ಜೀಪಿನಲ್ಲಿ ಎರಡು ಡಬ್ಬಿ ನೀರು ಇರಬೇಕು. ಒಂದು ಕುಡಿಯಲಿಕ್ಕೆ, ಇನ್ನೊಂದು ರೇಡಿಯೇಟರಿಗೆ. ಬಿಸಿಲು 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಮನುಷ್ಯನಿಗಿಂತ ಮೊದಲು ಇಂಜಿನ್ನಿಗೇ ಬಾಯಾರಿಕೆ.

ರೇಡಿಯೇಟರಿನ ಹಿಂದೆ ತಿರುಗುವ ಫ್ಯಾನು ಹಳೆಯ ಗಾಡಿಗಳಲ್ಲಿ ಬೆಲ್ಟಿನ ಮೂಲಕ ಇಂಜಿನ್ನಿಗೇ ಕಟ್ಟುಬಿದ್ದದ್ದು. ಇಂಜಿನ್ ಓಡಿದಷ್ಟೇ ಅದರ ಓಟ. ಬೀದರಿನ ಚೌಬಾರಾದ ಸುತ್ತಿನ ಇಕ್ಕಟ್ಟಿನಲ್ಲಿ ಗಾಡಿ ನಿಂತು ಗುರುಗುಡುವಾಗ ಗಾಳಿ ಹೆಚ್ಚು ಬೇಕು, ಆಗಲೇ ಫ್ಯಾನು ನಿಧಾನ. ಊರು ದಾಟಿ ಮಾಂಜ್ರಾ ನದಿಯ ಕಡೆಗೆ ಜೀಪು ಓಡುವಾಗ ಎದುರುಗಾಳಿಯೇ ಸಾಕು, ಆಗ ಅದು ಭರ್ರೆಂದು ತಿರುಗುತ್ತದೆ. ಹಸಿದವನಿಗೆ ತುತ್ತು, ಉಂಡವನಿಗೆ ಹಬ್ಬದೂಟ!

ವಿದ್ಯುತ್ ಫ್ಯಾನಿಗೆ ಈ ಕಟ್ಟುಪಾಡಿಲ್ಲ. ನೀರು ಸುಮಾರು 95 ಡಿಗ್ರಿಗೆ ಕಾದಾಗ ಸ್ವಿಚ್ಚು ಅದನ್ನು ಎಬ್ಬಿಸುತ್ತದೆ. ತಣಿದ ಮೇಲೆ ಮಲಗಿಸುತ್ತದೆ. 1983ರಲ್ಲಿ ಬಂದ ಮಾರುತಿ 800 ಕಾರಿನಲ್ಲಿ ಇಂಜಿನ್ ಅಡ್ಡಡ್ಡ ಕೂತಿತ್ತು. ಅದರ ಪುಲ್ಲಿ ಪಕ್ಕಕ್ಕೆ ಮುಖ ಮಾಡಿದ್ದರಿಂದ ಮುಂದಿನ ರೇಡಿಯೇಟರಿಗೆ ವಿದ್ಯುತ್ ಫ್ಯಾನೇ ಗತಿಯಾಯಿತು. ಅಂಬಾಸಿಡರ್ ಮಾತ್ರ ಬೆಲ್ಟಿನ ಫ್ಯಾನಿನಲ್ಲೇ ದಿನ ನೂಕಿತ್ತು.

ಭಾಲ್ಕಿಯ ಒಂದು ಮನೆಯಲ್ಲಿ ಈ ಫ್ಯಾನಿನ ವಿಷಯ ತಂದೆ-ಮಗನ ವಾದವೇ ಆಯಿತು. ತಂದೆ ಹಳೆಯ ಡೀಸೆಲ್ ಜೀಪಿನ ಮಾಲಿಕರು. ಮಗ ಪಾಲಿಟೆಕ್ನಿಕ್ ವಿದ್ಯಾರ್ಥಿ. ಸಾಲದ ಕಂತೂ ಮಗನ ಫೀಜೂ ಆ ಒಂದು ಇಂಜಿನ್ನಿನಿಂದಲೇ ಹುಟ್ಟಬೇಕು. ಮಗ ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದು ತೋರಿಸಿದ: ಫ್ಯಾನಿನ ವೇಗ ಎರಡರಷ್ಟಾದರೆ ಅದು ನುಂಗುವ ಶಕ್ತಿ 8ರಷ್ಟು, ಮೂರರಷ್ಟಾದರೆ 27ರಷ್ಟು. 12 ವೋಲ್ಟಿನಲ್ಲಿ 15 ಆಂಪಿಯರ್ ಎಳೆಯುವ ವಿದ್ಯುತ್ ಫ್ಯಾನಿಗೆ 180 ವ್ಯಾಟ್ ಸಾಕು. ಆಲ್ಟರ್ನೇಟರನ್ನು ತಿರುಗಿಸುವುದೂ ಇಂಜಿನ್ನೇ ಆದ್ದರಿಂದ ಇದೂ ಪುಕ್ಕಟೆಯಲ್ಲ. ಆದರೆ ದಾರಿಯುದ್ದಕ್ಕೂ ತೆರಬೇಕಾದ ಸುಂಕವಂತೂ ಅಲ್ಲ.

ತಂದೆ ಲೆಕ್ಕವನ್ನು ಅಲ್ಲಗಳೆಯಲಿಲ್ಲ. "ತಮ್ಮಾ, ಬೆಲ್ಟು ಹರಿಯೋ ಮೊದಲು ಕಿರಚ್ತದ. ನಿನ್ನ ವೈರು ಕಳಚಿದ್ರ ಯಾರು ಹೇಳ್ತಾರ?" ಎಂದರು.

ಮಗನ ಪುಸ್ತಕದಲ್ಲಿ ಈ ಪ್ರಶ್ನೆ ಇರಲಿಲ್ಲ. ಎರಡು ದಿನ ಯೋಚಿಸಿ ಅವನು ಒಂದು ಕೆಂಪು ದೀಪ ತಂದ. ಫ್ಯಾನಿಗೆ ಕರೆಂಟು ಹೋದಾಗ ಅದು ಚಾಲಕನ ಮುಂದೆ ಹೊತ್ತಿಕೊಳ್ಳಬೇಕು. ಜತೆಗೆ ಕೈಯಿಂದಲೇ ಫ್ಯಾನು ಹಾಕಲು ಇನ್ನೊಂದು ಸ್ವಿಚ್ಚು. ತಂದೆ ಒಪ್ಪಿದರು. ಮೊದಲು ರೇಡಿಯೇಟರನ್ನು ತೊಳೆಸಿದರು. ಕಸ ಕಟ್ಟಿದ ರೇಡಿಯೇಟರಿಗೆ ಯಾವ ಫ್ಯಾನು ಬೀಸಿದರೂ ಅಷ್ಟೆ. ನೀರಿನ ಪಂಪು, ಅದರ ಬೆಲ್ಟು ಇದ್ದಲ್ಲೇ ಉಳಿದವು. ಹಳೆಯ ಫ್ಯಾನು ಬಿಚ್ಚಿ, ಹೊಸದಕ್ಕೆ ರಿಲೇ, ಫ್ಯೂಜು ಕೂಡಿಸಿ ಬ್ಯಾಟರಿಯಿಂದ ದಪ್ಪ ವೈರು ಎಳೆದರು.

ಜೀಪಿನ ಗದ್ದಲ ಇಳಿಯಿತು. ಆ ನಿಶ್ಶಬ್ದಕ್ಕೆ ತಂದೆ ಒಗ್ಗಿಕೊಳ್ಳಲಿಲ್ಲ. ಕಿವಿಯ ಕೆಲಸ ಈಗ ಕಣ್ಣಿಗೆ ಬಂದಿತ್ತು. ಮೈಲಿಗೊಮ್ಮೆ ಟೆಂಪರೇಚರ್ ಮುಳ್ಳನ್ನು ನೋಡುತ್ತಿದ್ದರು.

ಆ ನೋಟವೇ ಒಂದು ಮಧ್ಯಾಹ್ನ ಗಾಡಿಯನ್ನು ಕಾಪಾಡಿತು. ಔರಾದದ ಬಜಾರಿನಲ್ಲಿ ಮುಳ್ಳು ಏರುತ್ತಿತ್ತು, ಕೆಂಪು ದೀಪ ಹೊತ್ತಲಿಲ್ಲ. ಕೈ ಸ್ವಿಚ್ಚು ಒತ್ತಿದರೂ ಇಲ್ಲ. ತಂದೆ ಕೂಡಲೇ ಇಂಜಿನ್ ನಿಲ್ಲಿಸಿ ಬಾನೆಟ್ ಎತ್ತಿದರು. ನೆರೆದವರು ಮುಚ್ಚಳ ತೆಗೆದು ನೀರು ಹಾಕಿರೆಂದರು; ಅವರು ಮುಟ್ಟಲಿಲ್ಲ. ರೇಡಿಯೇಟರಿನೊಳಗಿನ ಒತ್ತಡದಲ್ಲಿ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದೊಡನೆ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ. ತಾಸು ಹೊತ್ತು ಕಾದು, ತಣಿದ ಮೇಲೆ ನೋಡಿದರೆ ಫ್ಯೂಜಿನ ಬಳಿಯ ಜೋಡಣೆ ಸಡಿಲಾಗಿ ಸುಟ್ಟಿತ್ತು. ಇನ್ನಷ್ಟು ಓಡಿಸಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿ, ಆ ತಿಂಗಳ ಕಂತೂ ಫೀಜೂ ಅದರೊಡನೆ ಹೋಗುತ್ತಿದ್ದವು.

ರಾತ್ರಿ ಮನೆಯಲ್ಲಿ ಬೈಗುಳ ಕೇಳಲು ಮಗ ಸಿದ್ಧನಾಗಿದ್ದ. ಆ ಜೋಡಣೆ ಅವನ ಕೈಯದೇ. ತಂದೆ ಬೈಯಲಿಲ್ಲ, ಬ್ಯಾಟರಿ ದೀಪ ಹಿಡಿದು ನಿಂತರು. ಮಗ ಸುಟ್ಟ ತುದಿ ಕತ್ತರಿಸಿ ಹೊಸದಾಗಿ ಬಿಗಿದ. ಎಷ್ಟು ಜಗ್ಗಿದರೆ ಕಳಚುವುದಿಲ್ಲವೆಂದು ತಂದೆ ತಾವೇ ಜಗ್ಗಿ ತೋರಿಸಿದರು. ಆಮೇಲೆ, "ಈ ರಿಲೇ ಏನ್ ಮಾಡ್ತದ, ಹೇಳು" ಎಂದರು. ಮಗನ ಓದಿನ ಬಗ್ಗೆ ಮಾರ್ಕ್ಸು ಬಿಟ್ಟು ಅವರು ಬೇರೊಂದು ಪ್ರಶ್ನೆ ಕೇಳಿದ್ದು ಅದೇ ಮೊದಲು.