ಹೇಳಿಕೊಳ್ಳಲಾಗದ ನೋವು

ಹಲ್ಲುನೋವನ್ನು ಊರಿಗೆಲ್ಲ ಹೇಳಿಕೊಂಡು ತಿರುಗುವವರುಂಟು. ತೊಡೆಸಂದಿನ ನೋವನ್ನಾದರೋ ಹೆತ್ತ ತಾಯಿಗೂ ಹೇಳಲು ಮನುಷ್ಯ ನಾಚುತ್ತಾನೆ. ಕೊಡಗಿನ ಹಾಕಿ ಆಟಗಾರನಿಗೆ ನಾಚಿಕೆಯ ಜೊತೆಗೆ ಇನ್ನೊಂದು ಸಂಕಟವೂ ಉಂಟು: ಅವನು ಆಡುವುದು ತನ್ನ ಒಕ್ಕದ ಹೆಸರಿನಲ್ಲಿ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ 60 ತಂಡಗಳೊಡನೆ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಪಂದ್ಯಾವಳಿಯು 2024ರಲ್ಲಿ ನಾಪೋಕ್ಲಿನಲ್ಲಿ ನಡೆದಾಗ 360 ತಂಡಗಳಿಗೆ ಬೆಳೆದಿತ್ತು. ಹಿರಿಯರೂ ಕಿರಿಯರೂ ಒಂದೇ ತಂಡವಾಗಿ ಓಡುವ ಆ ಮೈದಾನದಲ್ಲಿ, "ನೋಯುತ್ತದೆ, ನಾನು ಆಡಲಾರೆ" ಎನ್ನುವುದು ತರುಣನಿಗೆ ಸುಲಭವಲ್ಲ. ಹೆಸರಿಲ್ಲದ ನೋವು ಬರಿಯ ನೆಪದಂತೆ ಕಾಣುತ್ತದೆ.

ಹಾಕಿ ಬಾಗಿ ಆಡುವ ಆಟ. ಓಡುತ್ತಿದ್ದವನು ತಟ್ಟನೆ ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಚೆಂಡನ್ನು ತಡೆಯಬೇಕು. ಇದರ ಭಾರವೆಲ್ಲ ತೊಡೆಯೂ ಸೊಂಟವೂ ಕಿಬ್ಬೊಟ್ಟೆಯೂ ಕೂಡುವ ಎಡೆಯ ಮೇಲೆ ಬೀಳುತ್ತದೆ. ಅಲ್ಲಿಯ ನೋವಿಗೆ ಒಳತೊಡೆಯ ಸ್ನಾಯು ಹರಿದಿರಬಹುದು, ಹರ್ನಿಯ ಇರಬಹುದು, ಸೊಂಟದ ಕೀಲು ಕೆಟ್ಟಿರಬಹುದು. ಮೂತ್ರನಾಳದಲ್ಲಿ ಸಿಕ್ಕಿದ ಕಲ್ಲೂ ಅಲ್ಲಿಗೇ ನೋವನ್ನು ಕಳುಹಿಸಬಲ್ಲದು.

ವೈದ್ಯರ ಕೈ ಮುಟ್ಟಿ, ಕಾಲನ್ನು ಮಡಿಸಿ ತಿರುಗಿಸಿ ನೋಡಿದರೂ ಕಾರಣ ತಿಳಿಯದಿದ್ದಾಗ ಚಿತ್ರಗಳ ನೆರವು ಬೇಕಾಗುತ್ತದೆ. 1895ರಲ್ಲಿ ರಾಂಟ್‌ಜೆನ್ ಕಂಡುಹಿಡಿದ ಎಕ್ಸ್‌ರೇ ಮೂಳೆಯ ಆಕಾರವನ್ನು ತೋರುತ್ತದೆ. ರೋಗಿಯು ಕೆಮ್ಮಿ ಮುಕ್ಕಿರಿದಾಗ ಹೊರಗೆ ಉಬ್ಬುವ ಹರ್ನಿಯವನ್ನು ಅಲ್ಟ್ರಾಸೌಂಡ್ ಹಿಡಿಯಬಲ್ಲದು. ಎಂ.ಆರ್.ಐ. ಸ್ನಾಯುವಿನ ಬಿರುಕನ್ನೂ, ಮೂಳೆಯ ಮಜ್ಜೆಯೊಳಗಿನ ಬಾವನ್ನೂ ಕಾಣಿಸುತ್ತದೆ. ಈ ವಿಧಾನಕ್ಕೆ ತಳಹದಿ ಹಾಕಿದ ಲಾಟರ್‌ಬರ್, ಮ್ಯಾನ್ಸ್‌ಫೀಲ್ಡ್ ಇವರಿಗೆ 2003ರಲ್ಲಿ ನೊಬೆಲ್ ಬಹುಮಾನ ಬಂದಿತು.

ಇದು ಬರಿಯ ಕುತೂಹಲದ ಮಾತಲ್ಲ. ತೊಡೆಮೂಳೆಯ ಕತ್ತಿನಲ್ಲಿ ಅತಿ ಶ್ರಮದಿಂದ ಕೂದಲೆಳೆಯಷ್ಟು ಬಿರುಕು ಹುಟ್ಟಿದರೆ ಆರಂಭದಲ್ಲಿ ಎಕ್ಸ್‌ರೇಗೆ ಅದು ಕಾಣದೆ ಹೋಗಬಹುದು, ಎಂ.ಆರ್.ಐ. ಅದನ್ನು ಬೇಗನೆ ತೋರುತ್ತದೆ. ಹಲ್ಲು ಕಚ್ಚಿ ಓಡಿದವನ ಮೂಳೆ ಪೂರ್ಣ ಮುರಿದು, ಅದರ ತಲೆಭಾಗಕ್ಕೆ ರಕ್ತ ಹರಿಯುವುದು ತಪ್ಪಿದರೆ, ಆ ಭಾಗವೇ ಸಾಯಬಹುದು. ಒಂದು ಪಂದ್ಯಕ್ಕಾಗಿ ಜೀವಮಾನದ ನಡಿಗೆಯನ್ನು ತೆತ್ತಂತಾಗುತ್ತದೆ.

ಆದರೂ ಚಿತ್ರವೇ ತೀರ್ಪಲ್ಲ. ನೋವೇ ಇಲ್ಲದ ಆಟಗಾರರ ಎಂ.ಆರ್.ಐ.ಯಲ್ಲಿಯೂ ಎಷ್ಟೋ ಏರುಪೇರುಗಳು ಕಾಣುವುದುಂಟು. ರೋಗಿಯ ಮಾತು, ವೈದ್ಯರ ಕೈ, ಯಂತ್ರದ ಕಣ್ಣು ಈ ಮೂರೂ ಒಂದನ್ನೇ ಹೇಳಿದಾಗ ನಿರ್ಣಯ ಗಟ್ಟಿಯಾಗುತ್ತದೆ. ಮೊದಲನೆಯದಾದ ಮಾತು ಹೊರಬರದಿದ್ದರೆ ಮಿಕ್ಕೆರಡಕ್ಕೂ ಕೆಲಸವಿಲ್ಲ. ಆ ಮಾತನ್ನು ಹೊರಡಿಸುವುದು ಮನೆಯ ಹಿರಿಯರ ಕೈಯಲ್ಲಿದೆ. ಮೈದಾನದ ಅಂಚಿನಲ್ಲಿ ಕುಳಿತವನೂ ಒಕ್ಕದವನೇ ಎಂದು ಅವರು ಒಮ್ಮೆ ಹೇಳಿದರೆ ಸಾಕು.