ಕೈತಪ್ಪಿದ ಮಗು ಬಂದು ಕೂಡುವ ಕಟ್ಟೆ

ನಾವು ಚಿಕ್ಕವರಿದ್ದಾಗ ಜಾತ್ರೆಗೆ ಹೊರಡುವ ಮುನ್ನ ನಮ್ಮ ತಂದೆಯವರು ಎರಡು ಮಾತುಗಳನ್ನು ತಪ್ಪದೆ ಹೇಳುತ್ತಿದ್ದರು. ಗುರುತಿಲ್ಲದವರು ಏನು ಕೊಟ್ಟರೂ ಮುಟ್ಟಬಾರದು ಎಂಬುದು ಮೊದಲನೆಯದು. ಗದ್ದಲದಲ್ಲಿ ಕೈತಪ್ಪಿದರೆ ಅಳುತ್ತ ಅಲೆಯದೆ, ತೇರಿನ ಮನೆಯ ಕಟ್ಟೆಯ ಮೇಲೆ ಬಂದು ಕೂಡಬೇಕು, ತಾವು ಅಲ್ಲಿಗೇ ಬರುವೆವು ಎಂಬುದು ಎರಡನೆಯದು. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಪಾಠ ಹೇಳಿದ ನಾನು, ಅಂತರ್ಜಾಲವೆಂಬ ದೊಡ್ಡ ಜಾತ್ರೆಯೊಳಕ್ಕೆ ಮಕ್ಕಳು ನುಗ್ಗುತ್ತಿದ್ದಾಗ ಮೊದಲನೆಯ ಮಾತನ್ನು ನೂರು ಸಲ ಹೇಳಿದೆ, ಎರಡನೆಯದನ್ನು ಮರೆತೆ. ಆ ಮರೆವಿನ ಫಲವನ್ನು ಒಬ್ಬ ಬಾಲಿಕೆ ಉಣ್ಣಬೇಕಾಯಿತು. ನನ್ನ ತಪ್ಪು ಇತರರಿಗಾದರೂ ಪಾಠವಾಗಲಿ ಎಂದು ಅದನ್ನಿಲ್ಲಿ ನಿವೇದಿಸಿಕೊಳ್ಳುತ್ತಿದ್ದೇನೆ. ಊರು, ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ.

2020ರ ಮಾರ್ಚ್ ತಿಂಗಳಿನಲ್ಲಿ ಕೊರೋನಾ ವ್ಯಾಧಿಯಿಂದ ಶಾಲೆಗಳು ಮುಚ್ಚಿದವು. ಅಲ್ಲಿಯವರೆಗೆ ಮಕ್ಕಳ ಕೈಗೆ ಮೊಬೈಲು ಕೊಡಬೇಡಿರೆಂದು ಪಾಲಕರ ಸಭೆಗಳಲ್ಲಿ ಉಪದೇಶಿಸುತ್ತಿದ್ದ ನಾವೇ, ಪಾಠಕ್ಕಾಗಿ ಹೇಗಾದರೂ ಒಂದನ್ನು ಕೊಂಡುಕೊಡಿರೆಂದು ಮನೆಮನೆಗೆ ಹೇಳಿ ಬಂದೆವು. ಆಡು ಮಾರಿ ಮೊಬೈಲು ತಂದ ತಂದೆಯನ್ನು ನಾನು ಬಲ್ಲೆ. ಶಾಲೆಗಳು ಮರಳಿ ತೆರೆದವು. ಮೊಬೈಲು ಮಾತ್ರ ಮಕ್ಕಳ ಕೈಯಲ್ಲಿಯೇ ಉಳಿಯಿತು. ಅದನ್ನು ಬಳಸುವ ವಿವೇಕವನ್ನು ಯಾವ ತರಗತಿಯಲ್ಲಿಯೂ ನಾವು ಹೇಳಿರಲಿಲ್ಲ.

2022ರ ಜೂನ್ ತಿಂಗಳು. ಎಂಟನೆಯ ತರಗತಿಯ ಹುಡುಗನೊಬ್ಬ ತಂದೆಯ ಮೊಬೈಲಿನಲ್ಲಿ ಆಟವಾಡುತ್ತಿದ್ದ. ಆಟದೊಳಗೇ ಪರಿಚಯನಾದ ಒಬ್ಬಾತ, ಆಟದ ಬಹುಮಾನಗಳನ್ನು ಉಚಿತವಾಗಿ ಕೊಡಿಸುವೆನೆಂದು ನಂಬಿಸಿ, ಬ್ಯಾಂಕಿನ ಕಾರ್ಡಿನ ವಿವರಗಳನ್ನೂ ಮೊಬೈಲಿಗೆ ಬಂದ ಗುಪ್ತಸಂಖ್ಯೆಯನ್ನೂ ಕೇಳಿ ಪಡೆದ. ಬೀಜ ಗೊಬ್ಬರಕ್ಕೆಂದು ಇಟ್ಟಿದ್ದ 14,000 ರೂಪಾಯಿ ಕ್ಷಣದಲ್ಲಿ ಹೋಯಿತು. ಹುಡುಗ ಹೆದರಿ ಒಂಬತ್ತು ದಿನ ಬಾಯಿಬಿಡಲಿಲ್ಲ. ಹಣದ ವಂಚನೆಯಾದ ಕೂಡಲೆ 1930 ಎಂಬ ಸಂಖ್ಯೆಗೆ ಕರೆಮಾಡಿದರೆ, ಆ ಹಣ ಮುಂದಿನ ಖಾತೆಯಿಂದ ಹೊರಹೋಗುವ ಮೊದಲೇ ತಡೆಯುವ ಅವಕಾಶವುಂಟು. ಆದರೆ ಅಲ್ಲಿ ಗಳಿಗೆಗಳ ಲೆಕ್ಕ; ದಿನಗಳದ್ದಲ್ಲ. ಒಂಬತ್ತು ದಿನಗಳ ಮೌನವೇ ಆ ಹಣವನ್ನು ನುಂಗಿತೆಂಬುದು ಆಗ ನನ್ನ ಬುದ್ಧಿಗೆ ಹೊಳೆಯಲಿಲ್ಲ. ಮರುದಿನ ಪ್ರಾರ್ಥನೆಯ ವೇಳೆಗೆ ಅವನನ್ನು ಎಲ್ಲರೆದುರು ನಿಲ್ಲಿಸಿ, ‘ಇವನಂತೆ ಮಾಡಬೇಡಿರಿ’ ಎಂದು ಕಾಲು ಗಂಟೆ ಮಾತನಾಡಿದೆ. ಮಕ್ಕಳು ನಿಶ್ಶಬ್ದವಾಗಿ ಕೇಳಿದರು. ಪರಿಣಾಮಕಾರಿಯಾದ ಪಾಠವಾಯಿತೆಂದು ನಾನು ತೃಪ್ತಿಪಟ್ಟೆ.

ಆ ಪಾಠದ ಪರಿಣಾಮ 2023ರ ಜನವರಿಯಲ್ಲಿ ತಿಳಿಯಿತು. ಒಂಬತ್ತನೆಯ ತರಗತಿಯ ಜಾಣೆಯೊಬ್ಬಳು ಇದ್ದಕ್ಕಿದ್ದಂತೆ ಹಿಂದೆ ಬಿದ್ದಳು, ಊಟ ಬಿಟ್ಟಳು. ಅದನ್ನು ಮೊದಲು ಗಮನಿಸಿದವರು ನಾವಾರೂ ಅಲ್ಲ, ಬಿಸಿಯೂಟದ ಅಡುಗೆಯವರು. ಆ ತಾಯಿ ಒಂದು ಮಧ್ಯಾಹ್ನ ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ತಲೆ ನೇವರಿಸಿದಾಗ ಎಲ್ಲವೂ ಹೊರಬಂತು. ಇನ್‌ಸ್ಟಾಗ್ರಾಮಿನಲ್ಲಿ ಪಕ್ಕದ ತಾಲೂಕಿನ ಹುಡುಗಿಯೆಂದು ಹೇಳಿಕೊಂಡು ಸ್ನೇಹ ಬೆಳೆಸಿದ ವ್ಯಕ್ತಿ ಗಂಡಸಾಗಿದ್ದ. ಹಬ್ಬದ ಉಡುಗೆಯ ಭಾವಚಿತ್ರ ಕೇಳಿ ಪಡೆದು, ಅವಳ ಮುಖವನ್ನು ಅಶ್ಲೀಲ ಚಿತ್ರಕ್ಕೆ ಜೋಡಿಸಿ, ತಾನು ಹೇಳಿದಂಥ ಚಿತ್ರಗಳನ್ನು ಕಳಿಸದಿದ್ದರೆ ಇದನ್ನು ಊರಿಗೆಲ್ಲ ಹಂಚುವೆನೆಂದು ಬೆದರಿಸುತ್ತಿದ್ದ. ಒಂದು ತಿಂಗಳು ಆ ಮಗು ಒಬ್ಬಳೇ ಆ ಬೆಂಕಿಯನ್ನು ಮಡಿಲಲ್ಲಿಟ್ಟುಕೊಂಡಿತ್ತು.

‘ನನಗೇಕೆ ಹೇಳಲಿಲ್ಲ, ತಂಗೀ?’ ಎಂದು ಕೇಳಿದೆ. ಅವಳು ನೆಲ ನೋಡುತ್ತ, ‘ಸರ, ಅವತ್ತ ಪ್ರಾರ್ಥನಾದಾಗ ಅವನ್ನ ಎಲ್ಲಾರ ಮುಂದ ನಿಂದ್ರಿಸಿದ್ರಿ. ನನ್ನೂ ನಿಂದ್ರಸ್ತೀರಿ ಅಂತ ಹೆದರಿದ್ನಿ’ ಎಂದಳು. ನನ್ನ ಸೇವಾವಧಿಯಲ್ಲಿ ಯಾವ ಮೇಲಧಿಕಾರಿಯ ಮಾತೂ ನನ್ನನ್ನು ಅಷ್ಟು ಕುಗ್ಗಿಸಿದುದಿಲ್ಲ.

ಮರ್ಯಾದೆಯ ಪ್ರಶ್ನೆ, ಮುಚ್ಚಿಬಿಡೋಣ ಎಂಬ ಮಾತು ನಮ್ಮಲ್ಲಿಯೂ ಹುಟ್ಟಿತು. ಆದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯಿದೆಯಂತೆ, ಹದಿನೆಂಟು ತುಂಬದವರ ಮೇಲೆ ಇಂಥ ಕೃತ್ಯ ನಡೆದುದನ್ನು ತಿಳಿದೂ ವರದಿ ಮಾಡದಿರುವುದೇ ಅಪರಾಧ. ಅದೇ ಕಾಯಿದೆ ಮಗುವಿನ ಮಾನವನ್ನೂ ಕಾಯುತ್ತದೆ: ಹೆಸರು, ಭಾವಚಿತ್ರ, ಶಾಲೆ, ಕುಟುಂಬದ ವಿವರಗಳನ್ನು ಪತ್ರಿಕೆಗಳು ಪ್ರಕಟಿಸುವಂತಿಲ್ಲ, ಹೇಳಿಕೆಯನ್ನು ಮಗುವಿನ ಮನೆಯಲ್ಲಿ ಇಲ್ಲವೆ ಅದು ಬಯಸಿದ ಸ್ಥಳದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿ, ಸಮವಸ್ತ್ರವಿಲ್ಲದೆ ಬಂದು ಪಡೆಯಬೇಕು. ನಮ್ಮ ಹುಡುಗಿಯ ಮನೆಗೂ ಸಾದಾ ಉಡುಪಿನಲ್ಲಿ ಒಬ್ಬ ಮಹಿಳಾ ಸಬ್‌ಇನ್ಸ್‌ಪೆಕ್ಟರರು ಬಂದರು. ನೆರೆಯವರು ಯಾರೋ ನಂಟರೆಂದುಕೊಂಡರು. ಸಂದೇಶಗಳನ್ನು ಅಳಿಸದೆ, ಚಿತ್ರಗಳನ್ನು ಬೇರೆ ಯಾರ ಮೊಬೈಲಿಗೂ ಕಳಿಸದೆ, ಇದ್ದಂತೆಯೇ ಆ ಮೊಬೈಲನ್ನು ಅವರಿಗೆ ಒಪ್ಪಿಸಿದೆವು. ಸಾಕ್ಷ್ಯಕ್ಕೆಂದು ಅಂಥ ಚಿತ್ರವನ್ನು ನಾವು ಇಟ್ಟುಕೊಳ್ಳುವುದೂ ಕಾನೂನಿಗೆ ವಿರುದ್ಧವಾಗಬಹುದೆಂದು ನಾನು ಅಂದೇ ತಿಳಿದದ್ದು. ಬೆದರಿಕೆ ನಿಂತಿತು. ಮಗು ಮರುವರ್ಷ ಹತ್ತನೆಯ ತರಗತಿಯನ್ನು ಚೆನ್ನಾಗಿ ಪಾಸು ಮಾಡಿತು.

ಆ ವಾರವೇ ನಾನು ಮೊದಲಿನ ಹುಡುಗನನ್ನು ಒಬ್ಬನನ್ನೇ ಕರೆದು ಕ್ಷಮೆ ಕೇಳಿದೆ. ಎಲ್ಲರೆದುರು ಅವಮಾನಿಸಿದ್ದೇನೆ, ಎಲ್ಲರೆದುರೇ ಕ್ಷಮೆ ಕೇಳಲೇ ಎಂದು ಅವನ ಒಪ್ಪಿಗೆ ಬೇಡಿದೆ. ಬಹಳ ಹೊತ್ತು ಸುಮ್ಮನಿದ್ದು, ತಲೆಯಾಡಿಸಿದ. ಅದೇ ಪ್ರಾರ್ಥನೆಯ ಅಂಗಳದಲ್ಲಿ ನಿಂತು, ‘ಮೋಸಹೋದವನು ಅಪರಾಧಿಯಲ್ಲ. ಮೋಸ ಮಾಡಿದವನು ಅಪರಾಧಿ. ಅಂದು ನಾನು ತಪ್ಪು ಮಾಡಿದೆ’ ಎಂದೆ. ಹದಿನೈದು ದಿನಗಳಲ್ಲಿ ನಾಲ್ಕು ಮಕ್ಕಳು ಒಬ್ಬೊಬ್ಬರಾಗಿ ನನ್ನ ಬಳಿಗೆ ಬಂದರು. ನಾಲ್ವರಿಗೂ ತಿಂಗಳುಗಟ್ಟಲೆ ಹೊತ್ತ ಭಾರವಿತ್ತು.

ನಿವೃತ್ತಿಯ ಮೊದಲಿನ ಆ ಕೆಲವು ತಿಂಗಳು ನಾನು ಹೇಳಿದ ಪಾಠ ಚಿಕ್ಕದು. ಮೊಬೈಲಿಗೆ ಬರುವ ಗುಪ್ತಸಂಖ್ಯೆ ತಂದೆಯ ರುಜುವಿದ್ದಂತೆ. ಅದನ್ನು ಯಾರಿಗೂ ಕೊಡಲಾಗದು. ತೆರೆಯ ಮೇಲಿನ ಹೆಸರೂ ಮುಖವೂ ಅದರ ಹಿಂದಿರುವವನದೇ ಎಂದು ನಂಬಬಾರದು. ಒಮ್ಮೆ ಕಳಿಸಿದ ಚಿತ್ರ ಬಿಲ್ಲಿನಿಂದ ಬಿಟ್ಟ ಬಾಣ. ಯಾವನು ‘ಮನೆಯಲ್ಲಿ ಹೇಳಬೇಡ’ ಎನ್ನುವನೋ ಅವನ ವಿಷಯವನ್ನು ಮೊದಲು ಮನೆಯಲ್ಲಿಯೇ ಹೇಳಬೇಕು. ಇವನ್ನೆಲ್ಲ ಬಾಯಿಪಾಠ ಮಾಡಿಸದೆ, ಒಬ್ಬನನ್ನು ವಂಚಕನನ್ನಾಗಿಯೂ ಇನ್ನೊಬ್ಬನನ್ನು ಬಾಲಕನನ್ನಾಗಿಯೂ ನಿಲ್ಲಿಸಿ ಆಡಿಸಿದೆ. ಮಕ್ಕಳು ಕಟ್ಟಿದ ವಂಚನೆಯ ಮಾತುಗಳು ನನ್ನ ಊಹೆಯನ್ನು ಮೀರಿಸಿದ್ದವು. ಕೊನೆಗೆ ಮಕ್ಕಳ ಸಹಾಯವಾಣಿಯಾದ 1098ನ್ನು ಪ್ರತಿಯೊಬ್ಬರ ಪುಸ್ತಕದ ಹಿಂಬದಿಯಲ್ಲಿ ಬರೆಸಿದೆ.

ಎಚ್ಚರಿಕೆಯೊಂದೇ ಸಾಕೆಂದರೆ ಇನ್ನು ನಡೆಯದು. ಕೃತಕ ಬುದ್ಧಿಮತ್ತೆಯ ಯಂತ್ರಗಳು ಬಂದಿರುವ ಈ ಕಾಲದಲ್ಲಿ, ಮದುವೆಯ ಗುಂಪುಚಿತ್ರದಲ್ಲಿದ್ದ ಮುಖವೊಂದು ಸಾಕು, ನಡೆಯದಿದ್ದುದನ್ನು ನಡೆದಂತೆ ತೋರಿಸಲು. ಏನೂ ತಪ್ಪು ಮಾಡದ, ಯಾರಿಗೂ ಏನನ್ನೂ ಕಳಿಸದ ಮಗುವೂ ಸಿಲುಕಬಹುದು. ಅಂದಮೇಲೆ ‘ನೀನೇಕೆ ಕಳಿಸಿದೆ?’ ಎಂಬುದು ನಾವು ಕೇಳುವ ಮೊದಲ ಪ್ರಶ್ನೆಯಾಗಲಾರದು. ‘ಹೇಳಿದ್ದು ಒಳ್ಳೆಯದಾಯಿತು’ ಎಂಬುದೇ ಮೊದಲ ಮಾತಾಗಬೇಕು.

ಪ್ರಸಾದನಿಲಯಗಳಲ್ಲಿ ಓದಿ ಇಂದು ಉಪಾಧ್ಯಾಯರಾಗಿ, ತಂದೆತಾಯಿಗಳಾಗಿ ಇರುವ ಸಹೃದಯರಲ್ಲಿ ನನ್ನದೊಂದೇ ಪ್ರಾರ್ಥನೆ. ಮಕ್ಕಳನ್ನು ಈ ಜಾತ್ರೆಗೆ ಹೋಗದಂತೆ ತಡೆಯುವುದು ನಮ್ಮಿಂದಾಗದು. ಅವರ ವಿದ್ಯೆಯೂ ನಾಳಿನ ಜೀವನೋಪಾಯವೂ ಅಲ್ಲಿಯೇ ಇವೆ. ಹೋಗುವಾಗ ಎರಡೂ ಮಾತುಗಳನ್ನು ಹೇಳಿ ಕಳಿಸೋಣ. ಇಂದು ರಾತ್ರಿ ಊಟಕ್ಕೆ ಕುಳಿತಾಗ ನಿಮ್ಮ ಮಗುವನ್ನು ಕೇಳಿ ನೋಡಿರಿ: ಮೊಬೈಲಿನಲ್ಲಿ ಏನಾದರೂ ಕೆಡುಕಾದರೆ ನೀನು ಮೊದಲು ಯಾರಿಗೆ ಹೇಳುವೆ? ಮಗು ಉತ್ತರಕ್ಕೆ ತಡವರಿಸಿದರೆ, ನಾವು ಕಟ್ಟೆಯನ್ನು ಇನ್ನೂ ಕಟ್ಟಿಲ್ಲವೆಂದೇ ಅರ್ಥ.